ಅಂಗುಲಕ್ಕೊಂದು ಅಡಿ

ಮನೆಯ ಬಾಗಿಲಿಗೆ ಎರಡು ಮೆಟ್ಟಿಲು. ಒಂದೊಂದೂ ಏಳು ಅಂಗುಲ ಎತ್ತರ. ನಿಮ್ಮ ಮನೆಗೂ ಇರಬಹುದು, ನಮ್ಮ ಮನೆಗಂತೂ ಇವೆ. ನಡೆದಾಡುವವರು ಅವನ್ನು ಲೆಕ್ಕಕ್ಕೇ ಇಟ್ಟಿರುವುದಿಲ್ಲ; ಚಪ್ಪಲಿ ಬಿಡುವ ಜಾಗ, ಅಷ್ಟೆ. ಈ ಕಥೆಯ ಮನೆಯಲ್ಲಿ ಮಾತ್ರ ಆ ಎರಡು ಮೆಟ್ಟಿಲು ಒಬ್ಬ ಹೆಂಗಸನ್ನು ಎಂಟು ತಿಂಗಳು ಒಳಗೇ ಕೂರಿಸಿದ್ದವು.

ಆಕೆಯನ್ನು ಬೀದಿಯವರು ಕರೆಯುವುದು ಟೈಲರಮ್ಮ ಎಂದು. ಐದು ವರ್ಷದ ಹಿಂದೆ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಕೈ ಮೊದಲಿನಂತೆಯೇ ಇದೆ, ಬಾಯಿ ಮೊದಲಿಗಿಂತ ಚುರುಕಾಗಿದೆ. ಗಂಡ ಬಡಗಿ. ಮನೆಗೆ ಅಂಟಿಕೊಂಡೇ ಅವನ ಕೆಲಸದ ಕೊಟ್ಟಿಗೆ. ಕಪಾಟು, ಮೇಜು, ಕಿಟಕಿಯ ಚೌಕಟ್ಟು ಮಾಡುತ್ತಾನೆ. ಹೆಂಡತಿಯ ಹೊಲಿಗೆ ಯಂತ್ರಕ್ಕೆ ಮೊಣಕೈಯಿಂದ ಒತ್ತುವ ಸ್ವಿಚ್ಚು ಕೂರಿಸಿಕೊಟ್ಟವನೂ ಅವನೇ. ಇಂಥ ಕೈಕೆಲಸದಲ್ಲಿ ಅವನದು ಎತ್ತಿದ ಕೈ. ಮನೆಯಲ್ಲಿ ಮೂರನೆಯವರು ಅವನ ತಾಯಿ. ಬಾಗಿಲ ಪಕ್ಕದಲ್ಲಿ, ಕಿಟಕಿಯ ಕೆಳಗೆ ಅವರದೊಂದು ಬೆಂಚು. ಬೀದಿಯ ಸುದ್ದಿಯೆಲ್ಲ ಮೊದಲು ಬಂದು ಕೂರುವುದು ಆ ಬೆಂಚಿನ ಮೇಲೆ.

ಮೊದಲು ಟೈಲರಮ್ಮನಿಗೆ ತಳ್ಳುವ ಗಾಲಿಕುರ್ಚಿ ಇತ್ತು. ಹಗುರವಾದದ್ದು. ಬಡಗಿ ಹೆಂಡತಿಯನ್ನು ಒಮ್ಮೆ, ಕುರ್ಚಿಯನ್ನು ಒಮ್ಮೆ ಎತ್ತಿ ಬೀದಿಗೆ ಇಳಿಸುತ್ತಿದ್ದ. ಎಂಟು ತಿಂಗಳ ಹಿಂದೆ ಆಸ್ಪತ್ರೆಯವರು ಅದನ್ನು ವಾಪಸು ಪಡೆದು ಮೋಟಾರಿನ ಗಾಲಿಕುರ್ಚಿ ಕೊಟ್ಟರು. ಬಲಗೈ ಹತ್ತಿರ ಜಾಯ್‌ಸ್ಟಿಕ್ ಎನ್ನುವ ಪುಟ್ಟ ಹಿಡಿ. ಬೆರಳಲ್ಲಿ ಮುಂದೆ ದೂಡಿದರೆ ಕುರ್ಚಿ ಮುಂದೆ, ಹಿಂದೆ ಎಳೆದರೆ ಹಿಂದೆ. ಕುರ್ಚಿಯ ತೂಕವೇ ತೊಂಬತ್ತು ಕಿಲೋ. ಎತ್ತುವ ಮಾತೇ ಇಲ್ಲ. ಹೀಗೆ, ಕುರ್ಚಿಗೆ ಮೋಟಾರು ಬಂದ ಮೇಲೆ ಟೈಲರಮ್ಮನ ಓಡಾಟ ನಿಂತಿತು.

ನಿಲ್ಲುವುದಕ್ಕೆ ಒಂದು ಕಾರಣವೂ ಇತ್ತು. ಕುರ್ಚಿ ಬಂದ ಮಾರನೆಯ ದಿನವೇ ಬಡಗಿ ಮೆಟ್ಟಿಲ ಮೇಲೆ ಒಂದು ಹಲಗೆ ಹಾಕಿದ. ಕಪಾಟುಗಳನ್ನು ಗಾಡಿಗೆ ಏರಿಸಲು ಅವನು ದಿನಾ ಬಳಸುವ ಹಲಗೆ ಅದು. ನಾಲ್ಕಡಿ ಉದ್ದ. ಕಪಾಟು ಸಲೀಸಾಗಿ ಜಾರಲಿ ಎಂದು ವಾರ್ನಿಷ್ ಬಳಿದು ಕನ್ನಡಿಯಂತೆ ಮಾಡಿದ್ದ. ಕಪಾಟು ಜಾರುವ ಹಲಗೆಯ ಮೇಲೆ ಕುರ್ಚಿಯೂ ಜಾರಿತು. ಸೀಟ್ ಬೆಲ್ಟನ್ನು ಯಾರೂ ಹಾಕಿರಲಿಲ್ಲ, ಅದು ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಟೈಲರಮ್ಮ ಮುಂದಕ್ಕೆ ಬಿದ್ದು ಮೊಣಕೈ ತರಚಿತು, ತುಟಿ ಒಡೆಯಿತು. ಬಡಗಿ ತನ್ನ ಹಲಗೆಯನ್ನು ಒಮ್ಮೆಯೂ ಅನುಮಾನಿಸಲಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಹಲಗೆಯಿಂದ ಒಂದು ಕಪಾಟೂ ಬಿದ್ದಿರಲಿಲ್ಲ. ತಪ್ಪೆಲ್ಲ ಮೋಟಾರಿನದು ಎಂದು ತೀರ್ಮಾನವಾಯಿತು.

ಅಂದಿನಿಂದ ಅವನು ಎರಡು ಕೆಲಸ ಮಾಡಿದ. ಹಿಂದಿನ ಗಾಲಿಗಳ ಪಕ್ಕದಲ್ಲಿ ಒಂದು ಲಿವರ್ ಇರುತ್ತದೆ. ಅದನ್ನು ತಿರುಗಿಸಿದರೆ ಮೋಟಾರಿನಿಂದ ಗಾಲಿ ಬಿಡುಗಡೆಯಾಗಿ, ಕುರ್ಚಿಯನ್ನು ಕೈಯಿಂದ ತಳ್ಳಬಹುದು. ಅದನ್ನು ತಿರುಗಿಸಿ ಹಾಗೇ ಬಿಟ್ಟ. ಇನ್ನು ಬ್ಯಾಟರಿ. ದಿನಾ ಚಾರ್ಜ್ ಮಾಡಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ವಾರಕ್ಕೊಮ್ಮೆ ಅರ್ಧ ಗಂಟೆ ಚಾರ್ಜಿಗೆ ಹಾಕಿ ಕಿತ್ತಿಡುತ್ತಿದ್ದ. ಮನೆಯೊಳಗೆ ಬೇಕಾದಾಗೆಲ್ಲ ತಾನೇ ತಳ್ಳುತ್ತಿದ್ದ. ಮುಖ ಸಿಂಡರಿಸಿದ್ದೇ ಇಲ್ಲ. ಒಳ್ಳೆಯ ಗಂಡ ಎಂದು ಬೀದಿಯೇ ಹೊಗಳುತ್ತಿತ್ತು, ಹೊಗಳಿದ್ದು ಸುಳ್ಳೂ ಅಲ್ಲ.

ಹೀಗಿರುವಾಗ ಒಂದು ಕಾಗದ ಬಂತು. ರೈಲಿನಲ್ಲಿ ಎರಡು ನಿಲ್ದಾಣ ದಾಟಿದರೆ ಸಿಗುವ ಊರಿನಲ್ಲಿ ಹೊಲಿಗೆ ತರಬೇತಿ ಶಾಲೆಯೊಂದಿದೆ. ಅಲ್ಲಿ ಕಟಿಂಗ್ ಕಲಿಸಲು ಒಬ್ಬರು ಬೇಕಿತ್ತು, ವಾರಕ್ಕೆ ಮೂರು ದಿನ. ಟೈಲರಮ್ಮ ಹೊಲಿದ ಒಂದು ಕೋಟನ್ನು ನೋಡಿದ್ದ ಮುಖ್ಯೋಪಾಧ್ಯಾಯಿನಿ ಮೂರು ವಾರದ ಮೇಲಿನ ಗುರುವಾರ ಬಂದು ಒಂದು ಪಾಠ ಮಾಡಿ ತೋರಿಸಿ ಎಂದು ಬರೆದಿದ್ದರು. ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು: ದಯವಿಟ್ಟು ತಾವಾಗಿಯೇ ಬಂದು ಹೋಗುವ ಏರ್ಪಾಡು ಮಾಡಿಕೊಳ್ಳಬೇಕು.

ಟೈಲರಮ್ಮ ಆ ಕಾಗದವನ್ನು ಮಡಿಸಿ ಅಳತೆ ಪುಸ್ತಕದೊಳಗೆ ಇಟ್ಟಳು. ಊಟದ ಹೊತ್ತಿಗೆ ವಿಷಯ ತೆಗೆದಳು. ಬಡಗಿ ತುತ್ತು ನುಂಗಿ, ವಾರಕ್ಕೆ ಮೂರು ದಿನ ಕೆಲಸ ಬಿಟ್ಟು ತಳ್ಳಿಕೊಂಡು ಹೋಗಲು ತನ್ನಿಂದ ಆಗುವುದಿಲ್ಲ, ಮೋಟಾರನ್ನು ನಂಬಿ ಕಳಿಸಲು ಮನಸ್ಸಿಲ್ಲ, ಆದ್ದರಿಂದ ಆಗುವುದಿಲ್ಲ ಎಂದು ಬರೆದುಬಿಡೋಣ ಎಂದ. ಅತ್ತೆ ಸಾರು ಬಡಿಸಿದರು. ಟೈಲರಮ್ಮ ಆಗುವುದಿಲ್ಲ ಎಂದು ಬರೆಯಲಿಲ್ಲ, ಬರುತ್ತೇನೆ ಎಂದೂ ಬರೆಯಲಿಲ್ಲ.

ಆ ವಾರವೇ ಬಾಗಿಲಿಗೆ ಒಬ್ಬ ಗಿರಾಕಿ ಬಂದಳು. ಒಳಗೆ ಬರಲಿಲ್ಲ, ಬರುವ ಹಾಗಿರಲಿಲ್ಲ. ಬೀದಿಯಲ್ಲೇ ನಿಂತು, ಉದ್ದನೆಯ ಕೊಡೆಯ ತುದಿಯಿಂದ ಗಂಟೆ ಒತ್ತಿದಳು. ನಿಂತು ಎಂದರೆ ಕೂತೇ. ಅವಳದೂ ಮೋಟಾರಿನ ಗಾಲಿಕುರ್ಚಿ. ರೈಲು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸ ಮಾಡುವವಳು. ಊರಿನವರು ಎನ್‌ಕ್ವೈರಿ ಅಕ್ಕ ಎಂದು ಕರೆಯುತ್ತಾರೆ. ಅವಳನ್ನು ಏನು ಕೇಳಿದರೂ ಉತ್ತರ ಸಿಗುತ್ತದೆ, ಕೇಳದಿದ್ದರೂ ಸಿಗುತ್ತದೆ.

ಅವಳಿಗೆ ಒಂದು ಜಾಕೆಟ್ ಬೇಕಿತ್ತು. ಟೈಲರಮ್ಮ ಹೊಸಿಲ ತನಕ ಬಂದು ಮೇಲಿನಿಂದ ನೋಡಿದಳು. ಹಳೆಯ ಜಾಕೆಟ್ಟಿನ ಎಡತೋಳು ಚೆನ್ನಾಗಿಯೇ ಇದೆ, ಬಲತೋಳಿನ ಅಂಚು ಮಾತ್ರ ಸವೆದು ದಾರ ಬಿಟ್ಟಿದೆ. ಹನ್ನೊಂದು ವರ್ಷ ಜಾಯ್‌ಸ್ಟಿಕ್ಕಿನ ಡಬ್ಬಿಗೆ ಉಜ್ಜಿ ಉಜ್ಜಿ ಹಾಗಾದದ್ದು. ಬಲತೋಳನ್ನು ಒಂದೂವರೆ ಅಂಗುಲ ಗಿಡ್ಡ ಇಟ್ಟು ಅಂಚಿಗೆ ಚರ್ಮ ಕೊಡುತ್ತೇನೆ ಎಂದಳು ಟೈಲರಮ್ಮ. ಹನ್ನೊಂದು ವರ್ಷದಲ್ಲಿ ಯಾವ ದರ್ಜಿಗೂ ಇದು ಹೊಳೆದಿರಲಿಲ್ಲ ಎಂದು ಎನ್‌ಕ್ವೈರಿ ಅಕ್ಕನಿಗೆ ಸಂತೋಷವಾಯಿತು.

ಆದರೆ ಅಳತೆ ತೆಗೆಯುವುದು ಹೇಗೆ? ಒಬ್ಬಳು ಮೇಲೆ, ಒಬ್ಬಳು ಕೆಳಗೆ. ಟೈಲರಮ್ಮ ಎಷ್ಟು ಬಗ್ಗಿದರೂ ಟೇಪು ಗಿರಾಕಿಯ ಭುಜ ಮುಟ್ಟಲಿಲ್ಲ. ಕೊನೆಗೆ ಬಡಗಿಯನ್ನು ಕರೆದರು. ಅವನು ಕಿವಿಯ ಮೇಲಿನ ಪೆನ್ಸಿಲು ತೆಗೆದುಕೊಂಡು ಬಂದು, ನೆಲ ನೋಡುತ್ತ ಸಂಕೋಚದಿಂದ ಭುಜದ ಅಳತೆ ಹಿಡಿದು, ಕಪಾಟಿನ ಅಳತೆ ಕೂಗುವ ದನಿಯಲ್ಲಿ ಕೂಗಿದ. ಬೆಂಚಿನ ಮೇಲಿದ್ದ ಅವನ ತಾಯಿ ಸೆರಗು ಬಾಯಿಗೆ ಒತ್ತಿ ನಕ್ಕರು. ಎನ್‌ಕ್ವೈರಿ ಅಕ್ಕ ನಗಲಿಲ್ಲ. ಅವಳ ಕಣ್ಣು ಮೆಟ್ಟಿಲ ಮೇಲಿತ್ತು.

"ಯಜಮಾನ್ರೇ, ಈ ಮೆಟ್ಟಿಲು ಎಷ್ಟಿದೆ?"

"ಏಳು, ಏಳು. ಹದಿನಾಲ್ಕು ಅಂಗುಲ." ಅಳತೆ ಕೇಳಿದರೆ ಬಡಗಿ ಯೋಚಿಸುವುದೇ ಇಲ್ಲ.

"ನೀವು ಹಾಕಿದ ಹಲಗೆ?"

ಬಿದ್ದ ಕಥೆ ಬೀದಿಗೆಲ್ಲ ಗೊತ್ತಿತ್ತು. ನಾಲ್ಕಡಿ ಎಂದ. ಅವಳು ತಲೆಯಾಡಿಸಿದಳು.

"ಅದು ಸಾಮಾನು ಹತ್ತಿಸೋ ಹಲಗೆ. ಮನುಷ್ಯರು ಇಳಿಯೋದಕ್ಕೆ ಅಂಗುಲಕ್ಕೊಂದು ಅಡಿ ಬೇಕು. ಒಂದು ಅಂಗುಲ ಎತ್ತರ ಇದ್ರೆ ಒಂದಡಿ ಉದ್ದ. ಹದಿನಾಲ್ಕು ಅಂಗುಲ ಅಂದ್ರೆ ಹದಿನಾಲ್ಕು ಅಡಿ. ವಾರ್ನಿಷ್ ಬೇಡ, ಒರಟಾಗಿರ್ಲಿ. ಗಾಲಿ ಪಕ್ಕಕ್ಕೆ ಹೋಗದ ಹಾಗೆ ಎರಡೂ ಕಡೆ ಒಂದೊಂದು ಅಂಚುಪಟ್ಟಿ ಹೊಡೀರಿ."

ಬಡಗಿ ಬೀದಿಯ ಅಗಲ ನೋಡಿದ. ಹದಿನಾಲ್ಕು ಅಡಿ ಹಲಗೆ ಹಾಕಿದರೆ ಹೆಂಡತಿ ಎದುರು ಮನೆಯ ಅಡುಗೆಮನೆಯಲ್ಲಿ ಹೋಗಿ ಇಳಿಯಬೇಕಾಗುತ್ತದೆ ಎಂದ. ನೇರಕ್ಕೇ ಯಾಕೆ ಹಾಕುತ್ತೀರಿ, ಬಾಗಿಲ ಮುಂದೆ ತಿರುಗಲು ಐದಡಿ ಚೌಕದ ಅಟ್ಟಣೆ ಮಾಡಿ, ಅಲ್ಲಿಂದ ಗೋಡೆಯ ಪಕ್ಕಕ್ಕೇ ಇಳಿಸಿ ಎಂದಳು ಅವಳು. ಗೋಡೆಯ ಪಕ್ಕಕ್ಕೆ ಎಂದರೆ ಬೆಂಚು ಇರುವ ಜಾಗ. ಬೆಂಚಿನ ಮೇಲಿನ ನಗು ನಿಂತಿತು.

ಬಡಗಿ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ಹಲಗೆಯದು ತನ್ನ ತಪ್ಪೇ ಇರಬಹುದು, ಆದರೆ ನಡುಬೀದಿಯಲ್ಲಿ ಕುರ್ಚಿ ನಿಂತುಬಿಟ್ಟರೆ ಏನು ಗತಿ ಎಂದು ಕೇಳಿದ. ಅವಳು ಕುರ್ಚಿಯನ್ನು ನೋಡಬೇಕು ಎಂದಳು. ಟೈಲರಮ್ಮನನ್ನು ಮಂಚಕ್ಕೆ ಕೂರಿಸಿ, ಬಡಗಿ ಖಾಲಿ ಕುರ್ಚಿಯನ್ನು ಹೊಸಿಲಿಗೆ ತಂದ. ಲಿವರ್ ಬಿಡುಗಡೆಯಲ್ಲಿದೆ, ಬ್ಯಾಟರಿಯ ದೀಪ ಒಂದೇ ಉರಿಯುತ್ತಿದೆ. ಎನ್‌ಕ್ವೈರಿ ಅಕ್ಕ ಕೊಡೆಯ ತುದಿಯಿಂದ ಎರಡನ್ನೂ ತೋರಿಸಿದಳು.

ಆಮೇಲೆ ಬಿಡಿಸಿ ಹೇಳಿದಳು. ಲಿವರ್ ಬಿಡುಗಡೆಯಾದರೆ ಮೋಟಾರು ಮಾತ್ರವಲ್ಲ, ಬ್ರೇಕೂ ಹೋಯಿತು. ಇಳಿಜಾರಿನಲ್ಲಿ ಹಾಗೆ ತಳ್ಳುವವರ ಕೈ ಜಾರಿದರೆ ಕುರ್ಚಿಯನ್ನು ಹಿಡಿಯುವವರು ಯಾರೂ ಇಲ್ಲ. ಲಿವರ್ ಸರಿಯಾಗಿ ಹಾಕಿದ್ದರೆ, ಜಾಯ್‌ಸ್ಟಿಕ್ ಬಿಟ್ಟ ತಕ್ಷಣ ಕುರ್ಚಿ ತಾನಾಗಿ ನಿಲ್ಲುತ್ತದೆ. ಬ್ಯಾಟರಿಗೆ ಅರೆಹೊಟ್ಟೆ ಒಗ್ಗುವುದಿಲ್ಲ, ಓಡಾಡಿ ಬಂದ ದಿನ ಪೂರ್ತಿ ತುಂಬುವ ತನಕ ಚಾರ್ಜಿನಲ್ಲಿ ಬಿಡಬೇಕು. ದಾರಿಯಲ್ಲಿ ದೀಪ ಅರ್ಧಕ್ಕೆ ಇಳಿದರೆ ಅಲ್ಲಿಂದಲೇ ಮನೆಗೆ ತಿರುಗಬೇಕು. ಬಡಗಿ ಕೈಕಟ್ಟಿ ಕೇಳಿಸಿಕೊಂಡ.

"ಇಷ್ಟೆಲ್ಲ ಯಾಕಕ್ಕಾ? ನಾನೇ ತಳ್ತೀನಲ್ಲ. ಅವಳಿಗೇನು ಕಡಿಮೆ ಮಾಡಿದೀನಿ?"

"ಕಡಿಮೆ ಮಾಡಿದೀರಿ ಅಂತ ನಾನೆಲ್ಲಿ ಅಂದೆ? ಒಂದು ಗಂಟೆ ಈ ಕುರ್ಚೀಲಿ ನೀವೇ ಕೂತ್ಕೊಳ್ಳಿ. ನಿಮ್ಮಮ್ಮ ತಳ್ಳಲಿ. ನಡುವೆ ಏಳಬಾರ್ದು. ಆಮೇಲೂ ಬೇಡ ಅನ್ಸಿದ್ರೆ ಆ ಶಾಲೆಗೆ ಆಗಲ್ಲ ಅಂತ ಬರೆದುಬಿಡಿ."

ಕಾಗದದ ವಿಷಯ ಅವಳಿಗೆ ಹೇಗೆ ಗೊತ್ತಾಯಿತು ಎಂದು ಬಡಗಿ ಬೆಂಚಿನ ಕಡೆ ನೋಡಿದ. ಬೆಂಚು ಆಕಾಶ ನೋಡಿತು.

ಸಂಜೆ ಕೆಲಸ ಮುಗಿದ ಮೇಲೆ, ತಮಾಷೆಗೆ ಎಂಬಂತೆ, ಬಡಗಿ ಕುರ್ಚಿಯಲ್ಲಿ ಕೂತ. ಅವನ ತಾಯಿ ಅರವತ್ತು ದಾಟಿದರೂ ಗಟ್ಟಿಗಿತ್ತಿ. ಆದರೂ ನಡುಮನೆಯಿಂದ ಕೊಟ್ಟಿಗೆಯ ತನಕ ತಳ್ಳುವುದರಲ್ಲಿ ಏದುಸಿರು ಬಿಟ್ಟರು. ನಿನ್ನ ಸೊಂಟನೋವಿನ ಕಾರಣ ಈಗ ತಿಳಿಯಿತು ಎಂದು ಗೊಣಗಿದರು. ಬಡಗಿ ದಿನಾ ಸಂಜೆ ಹೆಂಡತಿಯನ್ನು ಕೊಟ್ಟಿಗೆಗೆ ಕರೆತಂದು ಕೂರಿಸುವುದು ಒಂದೇ ಜಾಗದಲ್ಲಿ, ಮೂಲೆಯ ಗೋಡೆಯ ಹತ್ತಿರ, ಗೋಡೆಯ ಕಡೆಗೆ ಮುಖ ಮಾಡಿಸಿ. ಮರದ ಪುಡಿ ಕಣ್ಣಿಗೆ ಬೀಳಬಾರದು ಎಂದು ಹಾಗೆ. ತಾಯಿಯೂ ಅವನನ್ನು ಅಲ್ಲೇ ನಿಲ್ಲಿಸಿದರು.

"ಒಂದು ನಿಮಿಷ, ಬಂದೆ," ಎಂದು ಹೋದರು.

ಒಲೆಯ ಮೇಲೆ ಹಾಲಿತ್ತು. ಹಾಲು ಇಳಿಸುವಷ್ಟರಲ್ಲಿ ಪಕ್ಕದ ಮನೆಯಾಕೆ ಬಂದು ಬೆಂಚಿನ ಮೇಲೆ ಕೂತಳು. ಒಂದು ನಿಮಿಷ ಇಪ್ಪತ್ತಾಯಿತು. ಬಡಗಿ ಜಾಯ್‌ಸ್ಟಿಕ್ ದೂಡಿ ನೋಡಿದ; ಕುರ್ಚಿ ಕದಲಲಿಲ್ಲ. ಲಿವರ್ ತಿರುಗಿಸಿಟ್ಟವನು ಅವನೇ, ಕೂತಲ್ಲಿಂದ ಅದು ಕೈಗೆ ಎಟುಕುವುದಿಲ್ಲ. ಅಮ್ಮಾ ಎಂದು ಎರಡು ಸಲ ಕರೆದ. ಬಾಗಿಲ ಕಡೆಯಿಂದ ನಗು ಕೇಳಿತು, ಉತ್ತರ ಬರಲಿಲ್ಲ. ಏಳಬಹುದಿತ್ತು, ಆದರೆ ಮಾತು ಮಾತೇ. ನೋಡಲು ಗೋಡೆ ಬಿಟ್ಟರೆ ಬೇರೇನೂ ಇರಲಿಲ್ಲ, ಗೋಡೆ ನೋಡಿದ.

ಗೋಡೆಯ ಮೇಲೆ ನೀಲಿ ಸೀಮೆಸುಣ್ಣದ ಗೆರೆಗಳಿದ್ದವು. ಬಟ್ಟೆಯ ಮೇಲೆ ಗುರುತು ಹಾಕುವ ಟೈಲರ್ ಚಾಕ್‌ಪೀಸು. ಬೆರಳುದ್ದದ ತೋಳುಗಳು, ಕಾಲರುಗಳು, ಕಂಕುಳ ಬಾಗು, ಜೇಬು. ಒಂದರ ಪಕ್ಕ ಒಂದು, ಸಾಲಾಗಿ, ಕೂತವರ ಕೈ ಎಟುಕುವಷ್ಟು ಎತ್ತರಕ್ಕೆ. ಇಪ್ಪತ್ತು ವರ್ಷದಿಂದ ಆ ಕೊಟ್ಟಿಗೆಯಲ್ಲಿ ನಿಂತು ಕೆಲಸ ಮಾಡುವ ಬಡಗಿ ಅವನ್ನು ನೋಡಿಯೇ ಇರಲಿಲ್ಲ. ಎಣಿಸಲು ಹೊರಟ. ನೂರು ದಾಟಿದ ಮೇಲೆ ಬಿಟ್ಟ.

ತಾಯಿ ಬಂದು ಕುರ್ಚಿ ತಿರುಗಿಸಿದರು. ಗಂಟೆ ತುಂಬಿದ ಮೇಲೆ ಅವನು ಎದ್ದ. ಒಳಗೆ ಹೋಗಿ ಹೆಂಡತಿಯನ್ನು ಕೇಳಿದ.

"ಗೋಡೆ ಮೇಲೆ ಅದೇನು?"

"ನೀವು ಒಂದು ನಿಮಿಷ ಅಂದಾಗೆಲ್ಲ ಒಂದೊಂದು ಬರೀತಿದ್ದೆ," ಎಂದಳು ಟೈಲರಮ್ಮ. "ಮರೆತುಹೋಗ್ಬಾರ್ದಲ್ಲ, ಕಟಿಂಗು."

ಅವಳ ಮಾತಿನಲ್ಲಿ ದೂರೇನೂ ಇರಲಿಲ್ಲ. ಬಡಗಿಗೆ ನಾಚಿಕೆಯಾಯಿತು. ಹೆಂಡತಿ ಬಿದ್ದ ದಿನ ಆದದ್ದಕ್ಕಿಂತ ಹೆಚ್ಚಾಗಿ ಆಯಿತು. ಆ ದಿನ ತಪ್ಪನ್ನು ಮೋಟಾರಿನ ಮೇಲೆ ಹಾಕಲು ಜಾಗವಿತ್ತು, ಇವತ್ತು ಇರಲಿಲ್ಲ. ಕುರ್ಚಿಯ ಹಿಂದೆ ಹೋಗಿ ಬಗ್ಗಿ ಲಿವರನ್ನು ಸರಿಯಾಗಿ ಕೂರಿಸಿದ. ಚಾರ್ಜರಿನ ವೈರು ಬಿಚ್ಚಿ ಪ್ಲಗ್ಗಿಗೆ ಸಿಕ್ಕಿಸಿದ. ಬೆಳಿಗ್ಗೆ ಎದ್ದು ನೋಡಿದರೆ ಐದು ದೀಪವೂ ಉರಿಯುತ್ತಿದ್ದವು. ಟೈಲರಮ್ಮ ಅಳತೆ ಪುಸ್ತಕದಿಂದ ಕಾಗದ ತೆಗೆದು, ಬರುತ್ತೇನೆ ಎಂದು ಬರೆದಳು.

ಇಳಿಜಾರು ಕಟ್ಟಲು ನಾಲ್ಕು ದಿನ ಹಿಡಿಯಿತು. ಕುರ್ಚಿಯ ತೂಕ, ಹೆಂಡತಿಯ ತೂಕ ಎರಡೂ ಸೇರಿಸಿ, ಅದರ ಎರಡರಷ್ಟು ತಡೆಯುವಂತೆ ಕೆಳಗೆ ತೊಲೆ ಕೊಟ್ಟ. ಮೂರೂವರೆ ಅಡಿ ಅಗಲ, ಹದಿನಾಲ್ಕು ಅಡಿ ಉದ್ದ, ಮೇಲೆ ಒರಟು ಪಟ್ಟಿ. ಬೆಂಚಿನ ವಿಷಯದಲ್ಲಿ ಮಾತ್ರ ಒಂದಿಷ್ಟು ಗುದ್ದಾಟವಾಯಿತು. ಮೂವತ್ತು ವರ್ಷದ ಜಾಗ ಎಂದರು ತಾಯಿ. ಕೊನೆಗೆ ಅವರೇ ಎದ್ದು ಬೆಂಚಿನ ಒಂದು ತುದಿ ಹಿಡಿದು, ಮಗನಿಗೆ ಇನ್ನೊಂದು ತುದಿ ತೋರಿಸಿದರು. ಬೆಂಚು ಇಳಿಜಾರು ಮುಗಿಯುವ ಕಡೆಗೆ ಹೋಯಿತು. ಅಲ್ಲಿ ಬೀದಿಯ ಎರಡೂ ಕಡೆ ಕಾಣುತ್ತದೆ ಎಂದು ಅವರಿಗೆ ಆಮೇಲೆ ತಿಳಿಯಿತು.

ಬೆಲ್ಟು ಚೀಲದಿಂದ ಹೊರಬಂತು. ಮೊದಲ ಸಲ ಇಳಿಯುವಾಗ ವೇಗದ ಗುಂಡಿಯನ್ನು ತೀರಾ ಕಡಿಮೆಗೆ ಇಟ್ಟು, ಓರೆಯಾಗದೆ ನೇರವಾಗಿ, ಟೈಲರಮ್ಮ ಬೀದಿಗೆ ಬಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎದುರು ಮನೆಯವರು ಕಿಟಕಿಯಿಂದ ನೋಡಿ, ಹಳೆಯ ಪ್ಯಾಂಟಿನ ಜಿಪ್ ಹಾಕಿಕೊಡುತ್ತೀರಾ ಎಂದು ಕೇಳಿದರು, ಅಷ್ಟೆ. ಅವಳಿಗೆ ಅಷ್ಟೇ ಸಾಕಾಗಿತ್ತು.

ಗುರುವಾರಕ್ಕೆ ಮುಂಚಿನ ಭಾನುವಾರ ಒಮ್ಮೆ ದಾರಿ ನೋಡಿ ಬನ್ನಿ ಎಂದಿದ್ದಳು ಎನ್‌ಕ್ವೈರಿ ಅಕ್ಕ. ಗಂಡ ಜೊತೆಗೆ ಹೋಗಬಹುದು, ಆದರೆ ಕೈ ಜೇಬಿನಲ್ಲಿರಬೇಕು. ಹಿಂದಿನ ದಿನವೇ ನಿಲ್ದಾಣಕ್ಕೆ ಫೋನು ಮಾಡಿ ಯಾವ ರೈಲು, ಎಲ್ಲಿ ಇಳಿಯುವುದು, ಕುರ್ಚಿಯ ಅಗಲ, ಉದ್ದ, ಕೂತವರ ಸಮೇತ ತೂಕ ಎಲ್ಲ ತಿಳಿಸಬೇಕು. ಬಡಗಿ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಕುರ್ಚಿಯ ಕೈಗೆ ಅಂಟಿಸಿದ. ಅದರಲ್ಲಿ ಕಾಲು ಅಂಗುಲ, ಅರೆ ಅಂಗುಲ ಎಲ್ಲ ಇತ್ತು. ಇಷ್ಟು ನಿಖರವಾದ ಚೀಟಿಯನ್ನು ನಿಲ್ದಾಣದವರು ಈ ಮೊದಲು ಕಂಡಿರಲಿಕ್ಕಿಲ್ಲ.

ಭಾನುವಾರ ಪ್ಲಾಟ್‌ಫಾರಂ ಮೇಲೆ ಮಡಿಸುವ ಇಳಿಜಾರು ಹಿಡಿದು ಕೂಲಿಯವನೊಬ್ಬ ಕಾಯುತ್ತಿದ್ದ. ಅಗಲ ಬಾಗಿಲಿನ ಬೋಗಿಗೆ ಅದನ್ನು ಇಟ್ಟ. ಟೈಲರಮ್ಮ ಹತ್ತಲು ಶುರು ಮಾಡಿದಳು. ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಕೂಲಿಯವನು ಹಿಂದಿನಿಂದ ಬಗ್ಗಿ, ಗಾಲಿ ಹಗುರಾಗಲಿ ಎಂದು ಲಿವರಿಗೆ ಕೈ ಹಾಕಿದ.

"ಅದನ್ನ ಮುಟ್ಟಬೇಡಿ," ಎಂದ ಬಡಗಿ. ಕೈ ಜೇಬಿನಲ್ಲೇ ಇತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಅದು ಬಿಟ್ಟುಹೋದ್ರೆ ಬ್ರೇಕೇ ಇರಲ್ಲ. ಎಲ್ಲಿ ಹಿಡೀಬೇಕು ಅಂತ ಮೊದಲು ಅವಳನ್ನೇ ಕೇಳಿ."

ಕೂಲಿಯವನು ಕೈ ತೆಗೆದು ಕೇಳಿದ. ಎಲ್ಲೂ ಬೇಡ, ಹಲಗೆ ಅಲುಗಾಡದಂತೆ ಹಿಡಿದುಕೊಳ್ಳಿ ಸಾಕು ಎಂದಳು ಟೈಲರಮ್ಮ. ಒಳಗೆ ಹೋಗಿ ಕುರ್ಚಿಗೆ ಮೀಸಲಾದ ಜಾಗದಲ್ಲಿ ನಿಂತು ಸ್ವಿಚ್ಚು ಆರಿಸಿದಳು. ಜಾಯ್‌ಸ್ಟಿಕ್ಕಿಗೆ ಯಾರದಾದರೂ ಚೀಲ ತಗುಲಿ ಕುರ್ಚಿ ಹೊರಡಬಾರದು ಎಂದು. ಬಡಗಿ ಎದುರಿನ ಸೀಟಿನಲ್ಲಿ ಕೂತ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವನು ಅವಳನ್ನು ನೋಡುತ್ತಿದ್ದ. ಗೋಡೆಯ ಕಡೆಗಲ್ಲದೆ ಅವಳ ಮುಖ ಹೀಗೆ ಹೊರಗಿನ ಬೆಳಕಿಗೆ ತಿರುಗಿದ್ದನ್ನು ಕಂಡು ಬಹಳ ದಿನವಾಗಿತ್ತು.

ಗುರುವಾರ ಟೈಲರಮ್ಮ ಒಬ್ಬಳೇ ಹೊರಟಳು. ಕುರ್ಚಿಯ ಹಿಂದಿನ ಚೀಲದಲ್ಲಿ ಚಾರ್ಜರು, ಮಳೆ ಬಂದರೆ ಜಾಯ್‌ಸ್ಟಿಕ್ಕಿಗೆ ಮುಚ್ಚಲು ಪ್ಲಾಸ್ಟಿಕ್ ಹೊದಿಕೆ, ಅಳತೆ ಟೇಪು, ಕತ್ತರಿ. ಬಡಗಿ ಕೊಟ್ಟಿಗೆಯಲ್ಲಿ ಒಂದೇ ಹಲಗೆಯನ್ನು ಮೂರು ಸಲ ಅಳೆದು ಮೂರು ಸಲವೂ ಮರೆತ.

ಆ ಊರಿನ ನಿಲ್ದಾಣದಿಂದ ಶಾಲೆಗೆ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಫುಟ್‌ಪಾತಿಗೆ ಹತ್ತಲು ಒಂದು ಕಡೆ ಇಳಿಜಾರಿದೆ, ಭಾನುವಾರ ಅದನ್ನು ಗುರುತು ಮಾಡಿಕೊಂಡಿದ್ದಳು. ಗುರುವಾರ ಅದರ ಮೇಲೆ ಒಂದು ಸ್ಕೂಟರ್ ನಿಂತಿತ್ತು. ಎದುರಿನ ಔಷಧಿ ಅಂಗಡಿಯಿಂದ ಸ್ಕೂಟರಿನವರು ಬರುವ ತನಕ ಆರು ನಿಮಿಷ ಕಾದಳು. ಬಂದವರು, ಎರಡೇ ನಿಮಿಷಕ್ಕೆ ನಿಲ್ಲಿಸಿದ್ದೆ ಎಂದರು.

"ನಿಮ್ಮ ಎರಡು ನಿಮಿಷಕ್ಕೆ ನನ್ನ ಪಾಠ ತಪ್ಪುತ್ತೆ," ಎಂದಳು ಟೈಲರಮ್ಮ. ಅವರು ಸ್ಕೂಟರನ್ನು ಸರಿಸಿ, ಅವಳು ಹತ್ತುವ ತನಕ ನಿಂತು ನೋಡಿದರು. ಮುಂದಿನ ಸಲ ನಿಲ್ಲಿಸುವಾಗ ನೆನಪಾದರೆ ಸಾಕು.

ಸಂಜೆ ಅವಳು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಳು. ಬೆಂಚಿನ ಮೇಲಿದ್ದ ಅತ್ತೆ ಮೊದಲು ಕಂಡದ್ದು, ಕೊಟ್ಟಿಗೆಯ ಕಡೆ ತಿರುಗಿ, ಬಂದಳು ಎಂದಷ್ಟೇ ಹೇಳಿದರು. ಬಡಗಿ ಹೊರಬಂದು ಇಳಿಜಾರಿನ ಪಕ್ಕ ನಿಂತ. ಹೆಂಡತಿ ಹತ್ತಿ ಬರುವ ತನಕ ಕೈ ಜೇಬಿನಲ್ಲೇ ಇಟ್ಟುಕೊಂಡಿದ್ದ. ಅವಳ ಮುಖ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ. ಏನಾಯಿತು ಎಂದು ಕೇಳಿದ.

ಅವಳು ನಡೆದದ್ದನ್ನು ಹೇಳಿದಳು. ತರಗತಿಯ ಬಾಗಿಲಿಗೆ ಎತ್ತರದ ಹೊಸಿಲು. ನಾಲ್ಕು ಜನ ಬಂದು ಕುರ್ಚಿಯನ್ನು ಎತ್ತಿಬಿಡುತ್ತೇವೆ ಎಂದರು. ಕುರ್ಚಿಯ ಕೈಗಳು ಕಳಚಿ ಬರುವಂಥವು, ಅವನ್ನು ಹಿಡಿದು ಎತ್ತಿದರೆ ಕೈಗಳು ಮಾತ್ರ ಮೇಲೆ ಬರುತ್ತವೆ, ನಾನು ಕೆಳಗೇ ಉಳಿಯುತ್ತೇನೆ, ಬೇಡ ಎಂದೆ. ಹಾಗಾದರೆ ಪಾಠ ಹೇಗೆ ಎಂದರು. ಮೇಜು ಹೊರಗೆ ತನ್ನಿ ಎಂದೆ. ಕಾರಿಡಾರಿನಲ್ಲೇ ಮೇಜು ಹಾಕಿ, ಹದಿನಾರು ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು ತೋಳಿನ ಕಟಿಂಗ್ ಹೇಳಿಕೊಟ್ಟೆ. ಒಂದು ತೋಳು ಗಿಡ್ಡ ಯಾಕೆ ಇಡಬೇಕಾಗಬಹುದು ಎಂಬುದನ್ನೂ ಹೇಳಿಕೊಟ್ಟೆ.

"ಆಮೇಲೆ?"

"ಸೋಮವಾರದಿಂದ ಬನ್ನಿ ಅಂದ್ರು." ಹಾಗೇ ಸೇರಿಸಿದಳು, "ಆ ಹೊಸಿಲು ಮಾತ್ರ ಇದ್ದೇ ಇದೆ. ಅಳೆದುಕೊಂಡು ಬಂದಿದೀನಿ. ಎರಡು ಅಂಗುಲ."

ಬಡಗಿ ಕಿವಿಯ ಮೇಲಿನ ಪೆನ್ಸಿಲು ತೆಗೆದ.

"ಹಾಗಾದ್ರೆ ಎರಡು ಅಡಿ," ಎಂದು ಕೊಟ್ಟಿಗೆಗೆ ಹೋದ.

ಹೋಗಿ ಅವನು ಮೊದಲು ಎಳೆದದ್ದು ಆ ವಾರ್ನಿಷ್ ಹಲಗೆಯನ್ನು. ಎರಡು ಅಡಿಗೆ ಕೊಯ್ದು, ಒಂದು ಮಗ್ಗುಲಿನಲ್ಲಿ ಹೊಸಿಲಿಗೆ ಸರಿಹೊಂದುವಂತೆ ಚೀವಿ, ನುಣುಪೆಲ್ಲ ಹೋಗುವ ತನಕ ಮೇಲ್ಮೈಯನ್ನು ಉಜ್ಜಿದ. ಸೋಮವಾರ ಟೈಲರಮ್ಮ ಅದನ್ನು ಕುರ್ಚಿಯ ಹಿಂದೆ ಕಟ್ಟಿಕೊಂಡು ತಾನೇ ಒಯ್ದಳು.

ಈ ಕಥೆ ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮಲ್ಲಿ ಒಂದು ಕೋರಿಕೆ. ಇವತ್ತು ಮನೆಗೆ ಹೋದ ಮೇಲೆ ಒಂದು ಟೇಪು ಹಿಡಿದು ನಿಮ್ಮ ಬಾಗಿಲ ಮೆಟ್ಟಿಲು ಅಳೆಯಿರಿ. ನಿಮ್ಮ ಅಂಗಡಿಯದು, ಶಾಲೆಯದು, ನಿಮ್ಮೂರ ಸಂಘದ ಕೊಠಡಿಯದೂ ಅಳೆಯಿರಿ. ಎಷ್ಟು ಅಂಗುಲವೋ ಅಷ್ಟು ಅಡಿ, ಮರೆಯುವಂಥ ಲೆಕ್ಕವಲ್ಲ. ಮನೆಯಲ್ಲಿ ಮೋಟಾರಿನ ಗಾಲಿಕುರ್ಚಿ ಇದ್ದರೆ ಲಿವರ್ ಹಾಕಿದೆಯೇ, ಬೆಲ್ಟು ಚೀಲದಿಂದ ಹೊರಬಂದಿದೆಯೇ, ಬ್ಯಾಟರಿಯ ಹೊಟ್ಟೆ ತುಂಬಿದೆಯೇ ನೋಡಿ. ಫುಟ್‌ಪಾತಿನ ಇಳಿಜಾರಿನ ಮೇಲೆ ಗಾಡಿ ನಿಲ್ಲಿಸಬೇಡಿ, ಎರಡು ನಿಮಿಷಕ್ಕೂ ಬೇಡ. ಕುರ್ಚಿಗೆ ಕೈ ಹಾಕುವ ಮುಂಚೆ ಅದರಲ್ಲಿ ಕೂತವರನ್ನು ಕೇಳಿ.

ಮತ್ತೆ, ನಿಮ್ಮವರನ್ನು ನೀವು ಎಲ್ಲಿ ಕೂರಿಸುತ್ತೀರೋ, ಅಲ್ಲಿ ಒಂದು ಸಲ ನೀವೂ ಕೂತು ನೋಡಿ. ಎದುರಿಗೆ ಗೋಡೆ ಇದ್ದರೆ, ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿ.